ವಿದೇಶದಲ್ಲಿ ಕೊಂಡ ಬೈಕನ್ನು ಕೊಡಗಿಗೆ ತರುವುದು: ಹಡಗು ಹತ್ತಿಸುವ ಮೊದಲಿನಿಂದ ಕೆಎ-12 ಸಂಖ್ಯೆ ಸಿಗುವವರೆಗೆ

ದುಬೈ, ಮಸ್ಕತ್, ಲಂಡನ್, ಮೆಲ್ಬರ್ನ್‌ಗಳಲ್ಲಿ ವರ್ಷಗಟ್ಟಲೆ ದುಡಿದು, ಇನ್ನು ಮನೆಯ ಕಾಫಿ ತೋಟ ನೋಡಿಕೊಂಡಿರೋಣವೆಂದು ವಿರಾಜಪೇಟೆಗೋ ಸೋಮವಾರಪೇಟೆಗೋ ಮರಳುವವರ ಸಾಮಾನಿನ ಪಟ್ಟಿಯಲ್ಲಿ ಒಂದು ಬೈಕು ಇರುವುದು ಅಪರೂಪವಲ್ಲ. ಫ್ರಿಜ್ಜು, ಸೋಫಾಗಳನ್ನು ಮಾರಿ ಬರಲು ಒಪ್ಪುವವರೂ ಬೈಕಿನ ಮಾತು ಬಂದಾಗ ಹಿಂಜರಿಯುತ್ತಾರೆ. ಅದನ್ನು ತರಬಹುದೇ ಎಂಬ ಪ್ರಶ್ನೆಗೆ ಉತ್ತರ ಮುಂಬೈ ಬಂದರಿನಲ್ಲಾಗಲಿ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಾಗಲಿ ನಿರ್ಧಾರವಾಗುವುದಿಲ್ಲ. ಬೈಕು ಇನ್ನೂ ಆ ದೇಶದ ನಿಮ್ಮ ಮನೆಯ ಮುಂದೆ ನಿಂತಿರುವಾಗಲೇ ನಿರ್ಧಾರವಾಗಿರುತ್ತದೆ. ಅಲ್ಲಿ ಪಡೆಯದೆ ಬಂದ ಒಂದು ಪ್ರಮಾಣಪತ್ರವನ್ನು ಇಲ್ಲಿಂದ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗವನ್ನು ಹೊರಡುವ ಮೊದಲಿನ ಕೆಲಸಗಳಿಗೇ ಮೀಸಲಿಟ್ಟಿದ್ದೇನೆ.

ಬೈಕು ‘ಬ್ಯಾಗೇಜ್’ ಅಲ್ಲ

ಶಾಶ್ವತವಾಗಿ ಮರಳುವವರಿಗೆ ಮನೆಬಳಕೆಯ ವಸ್ತುಗಳ ಮೇಲೆ ಸುಂಕದ ರಿಯಾಯಿತಿ ಇದೆ. ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಎಂಬ ಹೆಸರಿನಲ್ಲಿ ಅದು ಎಲ್ಲರಿಗೂ ಗೊತ್ತು. ಬೈಕಿಗೂ ಅದೇ ರಿಯಾಯಿತಿ ಸಿಗುತ್ತದೆಂಬ ನಂಬಿಕೆಯೇ ಹೆಚ್ಚಿನ ತೊಂದರೆಗಳಿಗೆ ಮೂಲ. 1962ರ ಕಸ್ಟಮ್ಸ್ ಕಾಯ್ದೆಯ 2ನೇ ಸೆಕ್ಷನ್, ಬ್ಯಾಗೇಜ್ ಎಂದರೆ ಏನೆಂದು ವಿವರಿಸುವಾಗಲೇ ಮೋಟಾರು ವಾಹನಗಳನ್ನು ಅದರಿಂದ ಹೊರಗಿಟ್ಟಿದೆ. ಹೀಗಾಗಿ ಮನೆಸಾಮಾನು ತುಂಬಿದ ಕಂಟೇನರಿನೊಳಗೇ ಬೈಕು ಕುಳಿತು ಬಂದರೂ ಕಾನೂನಿನ ಕಣ್ಣಿಗೆ ಅದು ಪ್ರತ್ಯೇಕ ಸರಕು. ಅದಕ್ಕೆ ಪೂರ್ತಿ ಸುಂಕ ತೆರಬೇಕು, ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಆಮದಿನ ವಿವರಗಳನ್ನು ಕಸ್ಟಮ್ಸ್‌ಗೆ ಘೋಷಿಸುವ ಪತ್ರವನ್ನು, ಪ್ರತ್ಯೇಕವಾಗಿ ಸಲ್ಲಿಸಬೇಕು. ಒಂದು ಅನುಕೂಲವೆಂದರೆ, ವ್ಯಾಪಾರಕ್ಕಲ್ಲದೆ ಸ್ವಂತ ಬಳಕೆಗೆ ತರುವ ವ್ಯಕ್ತಿಗೆ ಆಮದು–ರಫ್ತು ಕೋಡ್ ಸಂಖ್ಯೆ ಮಾಡಿಸಿಕೊಳ್ಳುವ ಅಗತ್ಯವಿಲ್ಲ.

ಕಾರ್ನೆಟ್ ಮಾಡಿಸಿ ತಂದರೆ ಸುಂಕವೇ ಬೀಳುವುದಿಲ್ಲ ಎಂದು ಹೇಳುವವರೂ ಇದ್ದಾರೆ. ಕಾರ್ನೆಟ್ ಎಂಬುದು ವಾಹನವನ್ನು ಅವಧಿಯೊಳಗೆ ದೇಶದಿಂದ ಹೊರಗೆ ಒಯ್ಯುತ್ತೇನೆಂಬ ಖಾತರಿ ಪತ್ರ. ಅದು ಪ್ರವಾಸಿಗರಿಗೆ ಇರುವ ವ್ಯವಸ್ಥೆ; ಊರಿನಲ್ಲಿ ನೆಲೆಸಲು ಬರುವವರು ಆ ದಾರಿ ಹಿಡಿಯಬಾರದು.

ಬೈಕಿನ ಅರ್ಹತೆಯನ್ನು ಪರೀಕ್ಷಿಸುವುದು

ವಿದೇಶದಲ್ಲಿ ನಿಮ್ಮ ಹೆಸರಿಗೆ ಒಮ್ಮೆ ನೋಂದಣಿಯಾದ ಬೈಕು, ಎಷ್ಟೇ ಕಡಿಮೆ ಓಡಿದ್ದರೂ, ಇಲ್ಲಿ ಬಳಸಿದ ವಾಹನವೆಂದೇ ಪರಿಗಣಿತವಾಗುತ್ತದೆ. ಬಳಸಿದ ವಾಹನದ ಆಮದಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಆಮದು ನೀತಿಯ 87ನೇ ಅಧ್ಯಾಯದಲ್ಲಿ ಷರತ್ತುಗಳನ್ನು ಹಾಕಿದೆ. ಅವುಗಳಲ್ಲಿ ಮೊದಲನೆಯದು ವಯಸ್ಸು: ತಯಾರಾದ ದಿನದಿಂದ 3 ವರ್ಷ ಮೀರಿರಬಾರದು. ಇಲ್ಲಿ ಲೆಕ್ಕಕ್ಕೆ ಬರುವುದು ತಯಾರಿಕೆಯ ದಿನಾಂಕವೇ ಹೊರತು ನೀವು ಕೊಂಡ ದಿನವಲ್ಲ, ನೋಂದಣಿಯಾದ ದಿನವೂ ಅಲ್ಲ. ಶೋರೂಮಿನಲ್ಲಿ ಹತ್ತು ತಿಂಗಳು ನಿಂತು ಮಾರಾಟವಾದ ಬೈಕಾದರೆ ಆ ಹತ್ತು ತಿಂಗಳು ನಿಮ್ಮ ಲೆಕ್ಕದಿಂದಲೇ ಕಳೆಯುತ್ತವೆ. ಚೌಕಟ್ಟಿನ ಮೇಲಿನ ತಯಾರಕರ ಫಲಕವನ್ನು ನೋಡಿ, ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಖಚಿತಪಡಿಸುವ ಪತ್ರವೊಂದನ್ನು ಕಂಪನಿಯಿಂದ ಅಥವಾ ಡೀಲರ್‌ನಿಂದ ಪಡೆದುಕೊಳ್ಳಿ. ಹಡಗಿನ ಪ್ರಯಾಣ ಮತ್ತು ಕಾಯುವ ದಿನಗಳು ಇರುವುದರಿಂದ, 3 ವರ್ಷ ತುಂಬಲು ಕನಿಷ್ಠ ಆರು ತಿಂಗಳಾದರೂ ಬಾಕಿಯಿಲ್ಲದ ಬೈಕನ್ನು ಹಡಗಿಗೆ ಹಾಕುವ ಯೋಚನೆಯನ್ನೇ ಕೈಬಿಡುವುದು ಲೇಸೆಂದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಹೆಡ್‌ಲೈಟು ಮತ್ತು ವೇಗಮಾಪಕ. ರಸ್ತೆಯ ಎಡಬದಿಯ ಸಂಚಾರಕ್ಕೆ ಹೊಂದುವಂತೆ ಬೆಳಕು ಬೀಳಬೇಕು, ವೇಗಮಾಪಕ ಕಿಲೋಮೀಟರಿನಲ್ಲಿ ತೋರಿಸಬೇಕು. ಎಡಬದಿಯಲ್ಲಿ ಓಡುವ ದೇಶದ ದೀಪ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯದಂತೆ ಎಡಕ್ಕೆ ಓರೆಯಾಗಿ ಬೆಳಕು ಚೆಲ್ಲುತ್ತದೆ, ಬಲಬದಿಯ ದೇಶದ್ದು ಬಲಕ್ಕೆ. ಆದ್ದರಿಂದ ನೀವು ಯಾವ ದೇಶದಿಂದ ಬರುತ್ತೀರಿ ಎಂಬುದರ ಮೇಲೆ ಕೆಲಸದ ಪ್ರಮಾಣ ನಿಂತಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಬೈಕಿಗೆ ಸಾಮಾನ್ಯವಾಗಿ ಎರಡೂ ಸರಿಯಿರುತ್ತವೆ. ಬ್ರಿಟನ್ನಿನ ಬೈಕಿನ ದೀಪ ಸರಿ, ಆದರೆ ವೇಗ ಮೈಲಿನಲ್ಲಿರುತ್ತದೆ. ಡಿಜಿಟಲ್ ಮೀಟರಾದರೆ ಹಲವು ಮಾದರಿಗಳಲ್ಲಿ ಸೆಟ್ಟಿಂಗ್ ಬದಲಿಸಿದರೆ ಸಾಕು. ಕೊಲ್ಲಿ ದೇಶಗಳ ಬೈಕಿನಲ್ಲಿ ವೇಗ ಕಿಲೋಮೀಟರಿನಲ್ಲೇ ಇದ್ದರೂ ದೀಪ ಬಲಬದಿಯ ಸಂಚಾರದ್ದು. ಅಮೆರಿಕದಿಂದ ತರುವವರು ಎರಡನ್ನೂ ನೋಡಿಕೊಳ್ಳಬೇಕು. ಹೆಡ್‌ಲೈಟ್ ಬದಲಿಸಬೇಕಾದರೆ ಕಂಪನಿಯ ಭಾಗವನ್ನೇ ಹಾಕಿಸಿ, ಅಲ್ಲಿಯ ಅಧಿಕೃತ ಸರ್ವಿಸ್ ಕೇಂದ್ರದ ಬಿಲ್ಲನ್ನು ಕಡತದಲ್ಲಿ ಇಡಿ. ಅಂಟಿಸುವ ಪಟ್ಟಿಯಿಂದ ಬೆಳಕನ್ನು ಮರೆಮಾಡುವುದು ಪ್ರವಾಸಿಗರ ತಾತ್ಕಾಲಿಕ ಉಪಾಯ, ಇಲ್ಲಿ ಅದನ್ನು ನೆಚ್ಚಬೇಡಿ. ಬಲಬದಿಯ ಸ್ಟಿಯರಿಂಗ್ ಇರಬೇಕೆಂಬ ಷರತ್ತು ಮಾತ್ರ ದ್ವಿಚಕ್ರ ವಾಹನಗಳಿಗೆ ಅನ್ವಯಿಸುವುದಿಲ್ಲ.

ಮೂರನೆಯದೇ ಎಲ್ಲಕ್ಕಿಂತ ಕಠಿಣ. ಬೈಕು ಭಾರತದ 1988ರ ಮೋಟಾರು ವಾಹನ ಕಾಯ್ದೆ ಮತ್ತು ಅದರ ನಿಯಮಗಳಿಗೆ ಹೊಂದುತ್ತದೆಂದು, ಹಡಗಿಗೆ ಹಾಕುವ ಮುನ್ನ ಪರೀಕ್ಷಿಸಿ, ಭಾರತ ಸರ್ಕಾರ ಗುರುತಿಸಿದ ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸಬೇಕು. ಇದಲ್ಲದೆ ಆಮದಿನ ದಿನದಿಂದ 5 ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವಾಗಿರುತ್ತದೆಂಬ ಭರವಸೆ, ಆ ಅವಧಿಗೆ ದೇಶದೊಳಗೆ ಸರ್ವಿಸ್ ಸಿಗುತ್ತದೆಂಬ ಖಾತರಿ ಬೇಕು. ಆಮದಾದ ಮೇಲೂ ಪುಣೆಯ ಎಆರ್‌ಎಐ ಮೊದಲಾದ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಳಪಡಿಸಬಹುದು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಜಾರಿಯಲ್ಲಿದೆ. 125 ಸಿಸಿಗೆ ಮೇಲ್ಪಟ್ಟ ಬೈಕುಗಳಿಗೆ ಎಬಿಎಸ್ ಬ್ರೇಕು ಕಡ್ಡಾಯ. ಯುರೋಪಿನ ಹೊಗೆ ನಿಯಮದ ಯೂರೋ 5 ದರ್ಜೆಯ, ಕಂಪನಿಯೇ ಭಾರತದಲ್ಲಿ ಮಾರುತ್ತಿರುವ ಮಾದರಿಯ ಬೈಕಾದರೆ ದಾರಿ ಸ್ವಲ್ಪ ಹಗುರ. ಭಾರತದಲ್ಲಿ ಎಂದೂ ಮಾರಾಟವಾಗದ ಮಾದರಿಯಾದರೆ ಸರ್ವಿಸ್‌ನ ಖಾತರಿ ಕೊಡುವವರೇ ಸಿಗುವುದಿಲ್ಲ. ಈ ಪ್ರಮಾಣಪತ್ರ ಕೊಡಬಲ್ಲ ಸಂಸ್ಥೆ ನಿಮ್ಮ ದೇಶದಲ್ಲಿ ಯಾವುದು, ಅದು ಒಂದೇ ಬೈಕನ್ನು ಪರೀಕ್ಷಿಸಲು ಒಪ್ಪುತ್ತದೆಯೇ ಎಂಬುದು ಬರಹದಲ್ಲಿ ತಿಳಿಯುವವರೆಗೆ ಹಡಗಿನವರಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ನಾಲ್ಕನೆಯದು ಕೊಡಗಿನವರನ್ನು ವಿಶೇಷವಾಗಿ ಎಡವಿಸುವಂಥದ್ದು. ನಕ್ಷೆ ನೋಡಿದರೆ ನಮಗೆ ಹತ್ತಿರದ ಬಂದರು ಮಂಗಳೂರು. ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ. ಕೇರಳದ ಗಡಿಯಲ್ಲಿರುವ ದಕ್ಷಿಣ ಕೊಡಗಿನವರಿಗೆ ಕೊಚ್ಚಿಯೂ ನೆನಪಾಗುತ್ತದೆ. ಆದರೆ ಬಳಸಿದ ವಾಹನದ ಆಮದಿಗೆ ನೀತಿ ಒಪ್ಪುವುದು ಮುಂಬೈ ಬಂದರನ್ನು ಮಾತ್ರ. ಮನೆಸಾಮಾನಿನ ಜೊತೆಗೆ ಬೈಕನ್ನೂ ತುಂಬಿ ಬೇರೆ ಬಂದರಿಗೆ ಕಳುಹಿಸಿದರೆ ಬೈಕಿನ ಜೊತೆಗೆ ಪಾತ್ರೆಪಗಡಿ, ಮಕ್ಕಳ ಪುಸ್ತಕ ಎಲ್ಲವೂ ಅಲ್ಲಿ ಸಿಕ್ಕಿಬೀಳುತ್ತವೆ. ಆದ್ದರಿಂದ ಸಾಮಾನಿಗೆ ಒಂದು ಸಾಗಣೆ, ಬೈಕಿಗೆ ಮುಂಬೈಗೆ ಇನ್ನೊಂದು ಸಾಗಣೆ ಎಂದು ಮೊದಲೇ ಬೇರ್ಪಡಿಸಿ. ವಿದೇಶದ ಸಾಗಣೆ ಏಜೆಂಟರಿಗೆ ಈ ನಿಯಮ ತಿಳಿದಿರಬೇಕೆಂದಿಲ್ಲ. ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿನವರು ಸರಕಿಗೆ ಕೊಡುವ ಸಾಗಣೆ ಪತ್ರ, ಬರೆಯುವಾಗ ಬಂದರಿನ ಹೆಸರನ್ನು ನೀವೇ ಓದಿ ನೋಡಬೇಕು.

ಎರಡು ವರ್ಷ ಸತತವಾಗಿ ಹೊರದೇಶದಲ್ಲಿದ್ದು ಶಾಶ್ವತವಾಗಿ ನೆಲೆಸಲು ಬರುವವರಿಗೆ, ವಾಹನ ಕನಿಷ್ಠ ಒಂದು ವರ್ಷ ಅವರ ಸ್ವಾಧೀನದಲ್ಲಿದ್ದರೆ, ಪೂರ್ತಿ ಸುಂಕ ತೆತ್ತು ತರಲು ನೀತಿಯಲ್ಲಿ ಪ್ರತ್ಯೇಕ ಅವಕಾಶವಿದೆ. ಆ ವಾಕ್ಯ ಕಾರು, ಜೀಪುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೈಕಿಗೂ ಅದು ಅನ್ವಯಿಸುತ್ತದೆಂದು ಏಜೆಂಟರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು; ಬೈಕಿನ ವಿವರಗಳೊಡನೆ ಡಿಜಿಎಫ್‌ಟಿಗೆ ಬರೆದು ಲಿಖಿತ ಉತ್ತರ ಪಡೆಯಿರಿ. ಯಾವುದಾದರೂ ಷರತ್ತು ಪೂರೈಸದ ಬೈಕಿಗೆ ಆಮದು ಪರವಾನಗಿ ಕೇಳಬೇಕಾದದ್ದೂ ಅದೇ ಕಚೇರಿಯಲ್ಲಿ, ಅದೂ ಹಡಗು ಹೊರಡುವ ಮೊದಲು.

ಹಣದ ಲೆಕ್ಕ

2025ರ ಬಜೆಟ್‌ನಲ್ಲಿ ಆಮದು ಬೈಕಿನ ಸುಂಕ ಇಳಿಯಿತೆಂಬ ಸುದ್ದಿಯನ್ನು ಓದಿ ಧೈರ್ಯ ತಂದುಕೊಂಡವರಿದ್ದಾರೆ. 1600 ಸಿಸಿಯವರೆಗಿನ ಬೈಕಿಗೆ 50ರಿಂದ 40 ಪ್ರತಿಶತಕ್ಕೆ, ಅದಕ್ಕಿಂತ ದೊಡ್ಡದಕ್ಕೆ 30 ಪ್ರತಿಶತಕ್ಕೆ ಇಳಿದದ್ದು ನಿಜ, ಆದರೆ ಅದು ಪೂರ್ಣವಾಗಿ ಜೋಡಿಸಿ ಬರುವ ಹೊಸ ಬೈಕಿನ ಮಾತು. ಬಳಸಿದ ಬೈಕಿನ ಮೇಲಿನ ಸುಂಕ ಮತ್ತು ಅದಕ್ಕೆ ಸೇರುವ ಸೆಸ್ಸು ಕೂಡಿದರೆ ಬೈಕಿನ ಮೌಲ್ಯವನ್ನೂ ಮೀರುತ್ತದೆ. ಇದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ, ಇದೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿಯವರೆಗೆ 18 ಪ್ರತಿಶತ, ಅದಕ್ಕಿಂತ ಮೇಲ್ಪಟ್ಟರೆ 40 ಪ್ರತಿಶತ.

ಉದಾಹರಣೆಗೆ ಹಡಗಿನ ಬಾಡಿಗೆ, ವಿಮೆ ಸೇರಿ 5 ಲಕ್ಷ ರೂಪಾಯಿ ಮೌಲ್ಯಕ್ಕೆ ಬಂದ 650 ಸಿಸಿ ಬೈಕನ್ನು ತೆಗೆದುಕೊಳ್ಳೋಣ. ಸುಂಕ ಮತ್ತು ಸೆಸ್ಸು ಒಟ್ಟು 110 ಪ್ರತಿಶತವೆಂದು ಹಿಡಿದರೆ 5.5 ಲಕ್ಷ. ಎರಡೂ ಸೇರಿ 10.5 ಲಕ್ಷದ ಮೇಲೆ 40 ಪ್ರತಿಶತ ಐಜಿಎಸ್‌ಟಿ ಎಂದರೆ 4.2 ಲಕ್ಷ. ಬಂದರಿನಿಂದ ಹೊರಗೆ ಬರುವಾಗ ಬೈಕಿನ ಬೆಲೆ 14.7 ಲಕ್ಷವಾಗಿರುತ್ತದೆ. ಕರ್ನಾಟಕದಲ್ಲಿ ಒಂದು ಲಕ್ಷಕ್ಕೆ ಮೇಲ್ಪಟ್ಟ ಬೈಕಿನ ಜೀವಿತಾವಧಿ ತೆರಿಗೆ 18 ಪ್ರತಿಶತ. ಸುಂಕ ಸೇರಿದ ಬೆಲೆಯ ಮೇಲೆ ಅದನ್ನು ಲೆಕ್ಕ ಹಾಕಿದರೆ ಇನ್ನೂ ಸುಮಾರು 2.65 ಲಕ್ಷ, ಅದರ ಮೇಲೆ ಸೆಸ್ಸು ಬೇರೆ. 5 ಲಕ್ಷದ ಬೈಕು ಮನೆಯಂಗಳಕ್ಕೆ ಬರುವಷ್ಟರಲ್ಲಿ 17 ಲಕ್ಷ ದಾಟಿತು. ಏಜೆಂಟರ ಶುಲ್ಕ, ಲಾರಿ ಬಾಡಿಗೆ, ಪರೀಕ್ಷೆಯ ಖರ್ಚುಗಳನ್ನು ಇದರಲ್ಲಿ ಸೇರಿಸಿಲ್ಲ.

ಮೌಲ್ಯವನ್ನು ಕಸ್ಟಮ್ಸ್‌ನವರು ನಿಮ್ಮ ಬಿಲ್ಲನ್ನಷ್ಟೇ ನೋಡಿ ಒಪ್ಪುವುದಿಲ್ಲ. ತಯಾರಕರ ಆ ವರ್ಷದ ದರಪಟ್ಟಿಯನ್ನು ಆಧಾರವಾಗಿಟ್ಟು, ಬಳಸಿದ ಅವಧಿಗೆ ಸವಕಳಿ ಕಳೆದು ಲೆಕ್ಕ ಹಾಕುತ್ತಾರೆ. ಗೆಳೆಯನಿಂದ ಅರ್ಧ ಬೆಲೆಗೆ ಕೊಂಡೆನೆಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಹಡಗಿನ ಬಾಡಿಗೆಯ ರಸೀದಿ ಇಲ್ಲದಿದ್ದರೆ ಬೈಕಿನ ಬೆಲೆಯ 20 ಪ್ರತಿಶತವನ್ನು ಬಾಡಿಗೆಯೆಂದೂ, ವಿಮೆಯ ದಾಖಲೆ ಇಲ್ಲದಿದ್ದರೆ 1.125 ಪ್ರತಿಶತವನ್ನು ವಿಮೆಯೆಂದೂ ಸೇರಿಸುವ ನಿಯಮವಿದೆ. ಆದ್ದರಿಂದ ಆ ಎರಡು ಕಾಗದಗಳಿಗೆ ನೇರವಾದ ಹಣದ ಬೆಲೆಯಿದೆ.

ಈ ಲೆಕ್ಕವನ್ನು ಮುಂದಿಟ್ಟುಕೊಂಡು ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಅದೇ ಮಾದರಿ ಇಲ್ಲಿಯ ಶೋರೂಮಿನಲ್ಲಿ ಸಿಗುವುದಾದರೆ ಅಲ್ಲಿಯದನ್ನು ಮಾರಿ ಬಂದು ಇಲ್ಲಿ ಹೊಸದನ್ನು ಕೊಳ್ಳಿ. ತೀರಿಹೋದ ಅಣ್ಣನೋ ಗೆಳೆಯನೋ ಓಡಿಸಿದ ಬೈಕು, ಅಥವಾ ಇನ್ನಾವುದೋ ಕಾರಣಕ್ಕೆ ಹಣದಿಂದ ಅಳೆಯಲಾಗದ ಬೈಕು ಎಂದಾದರೆ, ಖರ್ಚನ್ನು ಪೂರ್ತಿ ಅರಿತು, ಮನೆಯವರ ಒಪ್ಪಿಗೆ ಪಡೆದು ಮುಂದುವರಿಯಿರಿ.

ಹೊರಡುವ ದೇಶದಲ್ಲಿ ಮಾಡಬೇಕಾದ ಕಾಗದದ ಕೆಲಸ

ಬೈಕಿನ ಮೇಲೆ ಬ್ಯಾಂಕ್ ಸಾಲವಿದ್ದರೆ ತೀರಿಸಿ, ಸಾಲವಿಲ್ಲವೆಂಬ ಪತ್ರ ಪಡೆಯುವುದು ಮೊದಲ ಕೆಲಸ. ಆ ಬಳಿಕ ಆಯಾ ದೇಶದ ರಫ್ತು ವಿಧಾನವನ್ನು ಅನುಸರಿಸಬೇಕು. ಬ್ರಿಟನ್ನಿನಲ್ಲಿ ವಿ5ಸಿ ನೋಂದಣಿ ಪುಸ್ತಕದ ಶಾಶ್ವತ ರಫ್ತಿನ ಭಾಗವನ್ನು ತುಂಬಿ ಅಲ್ಲಿಯ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ತಿಳಿಸಬೇಕು. ಉಳಿದ ಪುಸ್ತಕವನ್ನು ನಿಮ್ಮೊಡನೆ ತನ್ನಿ. ಅಮೆರಿಕದಲ್ಲಿ ಮೂಲ ಟೈಟಲ್ ಪತ್ರವನ್ನು ರಫ್ತಿಗೆ ಕನಿಷ್ಠ 72 ಗಂಟೆ ಮೊದಲು ಅಲ್ಲಿಯ ಕಸ್ಟಮ್ಸ್‌ಗೆ ಒಪ್ಪಿಸಬೇಕು. ಕೊಲ್ಲಿ ದೇಶಗಳಲ್ಲಿ ಸ್ಥಳೀಯ ನೋಂದಣಿಯನ್ನು ರದ್ದುಪಡಿಸಿ ರಫ್ತು ಪ್ರಮಾಣಪತ್ರ ಪಡೆಯಬೇಕಾಗುತ್ತದೆ, ಮತ್ತು ಈ ಕೆಲಸ ನಿಮ್ಮ ವಾಸದ ವೀಸಾ ಜೀವಂತವಾಗಿರುವಾಗಲೇ ಮುಗಿಯಬೇಕು. ವೀಸಾ ರದ್ದಾಗಿ, ಬ್ಯಾಂಕ್ ಖಾತೆ ಮುಚ್ಚಿದ ಮೇಲೆ ದಂಡ, ಬಾಕಿಗಳನ್ನು ತೀರಿಸುವುದೂ ಕಷ್ಟವಾಗುತ್ತದೆ.

ಕೊಂಡ ಮೂಲ ಬಿಲ್ಲು, ಹಣ ಪಾವತಿಸಿದ ಬ್ಯಾಂಕ್ ದಾಖಲೆ, ನೋಂದಣಿ ಪತ್ರ, ವಿಮೆ, ತಯಾರಿಕೆಯ ದಿನಾಂಕದ ಪತ್ರ, ಪರೀಕ್ಷೆಯ ಪ್ರಮಾಣಪತ್ರ, ಪಾಸ್‌ಪೋರ್ಟಿನ ಎಲ್ಲ ಪುಟಗಳ ಪ್ರತಿ, ಕೆಲಸ ಬಿಟ್ಟ ಪತ್ರ ಇವೆಲ್ಲವೂ ಒಂದೇ ಕಡತದಲ್ಲಿರಲಿ. ಅರಬ್ಬಿ ಭಾಷೆಯ ಕಾಗದಗಳಿಗೆ ಅಲ್ಲಿಯೇ ಅಧಿಕೃತ ಇಂಗ್ಲಿಷ್ ಅನುವಾದ ಮಾಡಿಸಿ. ಪ್ರತಿಯೊಂದು ಕಾಗದದಲ್ಲೂ ಚಾಸಿಸ್ ಸಂಖ್ಯೆಯ 17 ಅಕ್ಷರಗಳನ್ನು ಬೈಕಿನ ಮೇಲಿನದರೊಂದಿಗೆ ತಾಳೆ ನೋಡಿ. ಎಂಜಿನ್ ಸಂಖ್ಯೆಯನ್ನೂ ನೋಡಿ. ಪಾಸ್‌ಪೋರ್ಟಿನಲ್ಲಿ ಒಕ್ಕದ, ಅಂದರೆ ಕುಲದ, ಹೆಸರು ಸೇರಿದ್ದು ಬಿಲ್ಲಿನಲ್ಲಿ ಸೇರದಿದ್ದರೆ, ಹೆಸರು ಒಂದೇ ವ್ಯಕ್ತಿಯದೆಂದು ತೋರಿಸುವ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಕೊಳ್ಳಿ. ಕೊಡವ ಹೆಸರುಗಳಲ್ಲಿ ಈ ತೊಡಕು ಆಗಾಗ ಬರುತ್ತದೆ.

ತೊಳೆದು ಪೆಟ್ಟಿಗೆಗೆ ಹಾಕುವುದು

ಬೈಕನ್ನು ಚೆನ್ನಾಗಿ ತೊಳೆಸಬೇಕು. ಮಡ್‌ಗಾರ್ಡ್ ಒಳಗೆ, ಚೈನಿನ ಸುತ್ತ, ಟೈರಿನ ಗೆರೆಗಳಲ್ಲಿ ಒಂದು ಹಿಡಿ ಮಣ್ಣೂ ಉಳಿಯಬಾರದು. ವಿದೇಶಿ ಮಣ್ಣಿನೊಡನೆ ಕೀಟ, ಶಿಲೀಂಧ್ರಗಳು ಬರುತ್ತವೆಂಬ ಕಾರಣಕ್ಕೆ ಸಸ್ಯ ಸಂಪರ್ಕ ನಿಷೇಧದ (ಕ್ವಾರಂಟೈನ್) ನಿಯಮಗಳು ಅದನ್ನು ತಡೆಯುತ್ತವೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಕಾಯಿಕೊರಕ ನಮ್ಮ ಕಾಫಿ ತೋಟಗಳಿಗೆ ಹಬ್ಬಿ ಎಷ್ಟು ನಷ್ಟ ಮಾಡಿದೆಯೆಂದು ಬಲ್ಲ ನಾವು ಈ ನಿಯಮವನ್ನು ಕಾಟಾಚಾರವೆಂದು ಎಣಿಸಬಾರದು. ಮರದ ಪೆಟ್ಟಿಗೆಯಾದರೆ, ಶಾಖದಿಂದ ಸಂಸ್ಕರಿಸಿದ್ದೆಂದು ಸೂಚಿಸುವ ಐಎಸ್‌ಪಿಎಂ 15 ಮುದ್ರೆ ಅದರ ಮೇಲೆ ಇರಬೇಕು.

ಪೆಟ್ರೋಲ್ ಎಂಜಿನ್ನಿನ ವಾಹನ ಹಡಗಿನ ಲೆಕ್ಕದಲ್ಲಿ ಯುಎನ್ 3166 ಸಂಖ್ಯೆಯ ಅಪಾಯಕಾರಿ ಸರಕು. ಟ್ಯಾಂಕನ್ನು ಖಾಲಿ ಮಾಡಿ, ಬ್ಯಾಟರಿಯ ತಂತಿಗಳನ್ನು ಬಿಚ್ಚಿ ತುದಿಗಳಿಗೆ ಹೊದಿಕೆ ಹಾಕಿಸಿ. ಲಿಥಿಯಂ ಬ್ಯಾಟರಿ ಹಾಕಿಸಿದ್ದರೆ ಮೊದಲೇ ತಿಳಿಸಿ. ಕನ್ನಡಿ, ಗಾಜುಗಳನ್ನು ಬಿಚ್ಚಿ ಕಟ್ಟಿ. ಪೆಟ್ಟಿಗೆ ಮುಚ್ಚುವ ಮೊದಲು ನಾಲ್ಕೂ ಕಡೆಯಿಂದ, ಜೊತೆಗೆ ಚಾಸಿಸ್ ಸಂಖ್ಯೆ ಮತ್ತು ಓಡಿದ ಕಿಲೋಮೀಟರ್ ಕಾಣುವಂತೆ ದಿನಾಂಕ ಸಹಿತ ಫೋಟೊ ತೆಗೆದುಕೊಳ್ಳಿ. ಸಾಗಣೆ ವಿಮೆಯ ಪರಿಹಾರ ಕೇಳುವಾಗ ಇವೇ ಆಧಾರ. ಹೆಲ್ಮೆಟ್ಟು, ಜಾಕೆಟ್ಟು, ಬಿಡಿಭಾಗಗಳನ್ನು ಅದೇ ಪೆಟ್ಟಿಗೆಯ ಮೂಲೆಗೆ ತುರುಕುವ ಅಭ್ಯಾಸ ಬೇಡ. ಪಟ್ಟಿಯಲ್ಲಿಲ್ಲದ ಒಂದು ವಸ್ತು ಸಿಕ್ಕರೆ ಇಡೀ ಸರಕಿನ ಮೇಲೆ ಅನುಮಾನ ಬರುತ್ತದೆ.

ಮುಂಬೈಯಲ್ಲಿ

ಹಡಗು ಬರುವ ಮೊದಲೇ ಪರವಾನಗಿ ಹೊಂದಿದ ಕಸ್ಟಮ್ಸ್ ಬ್ರೋಕರ್ ಒಬ್ಬರನ್ನು ಗೊತ್ತುಮಾಡಿ, ಕಡತದ ಪ್ರತಿಯನ್ನು ಕಳುಹಿಸಿ. ಮನೆಸಾಮಾನು ಬಿಡಿಸುವುದರಲ್ಲಿ ನುರಿತವರೆಲ್ಲ ವಾಹನದ ವಿಷಯ ಬಲ್ಲವರಾಗಿರುವುದಿಲ್ಲ. ಬಳಸಿದ ಬೈಕುಗಳನ್ನು ಹಿಂದೆ ಬಿಡಿಸಿದ್ದಾರೆಯೇ ಎಂದು ಕೇಳಿ. ಬಿಲ್ ಆಫ್ ಎಂಟ್ರಿಯನ್ನು ಹಡಗು ತಲಪುವ ಹಿಂದಿನ ದಿನದೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಬಳಿಕ ದಿನಕ್ಕೆ 10,000 ರೂಪಾಯಿ ಶುಲ್ಕವಿದೆ. ಸರಕನ್ನು ತಡವಾಗಿ ಬಿಡಿಸಿಕೊಂಡರೆ ಬೀಳುವ ಬಂದರಿನ ಡೆಮರೇಜ್ ಶುಲ್ಕ, ಕಂಟೇನರಿನ ಬಾಡಿಗೆ ಇದಕ್ಕೆ ಹೊರತು. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಅಥವಾ ಹಡಗಿಗೆ ಒಳಬರುವ ಅನುಮತಿ ಸಿಕ್ಕ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಆ ದಿನದ ಸುಂಕದ ದರವೇ ನಿಮಗೆ ಅನ್ವಯಿಸುತ್ತದೆ. ಹೀಗಾಗಿ ಬಜೆಟ್ಟಿನ ಆಸುಪಾಸಿನಲ್ಲಿ ಬರುವ ಹಡಗಾದರೆ ಕೈಯಲ್ಲಿ ಸ್ವಲ್ಪ ಹೆಚ್ಚಿನ ಹಣವಿಟ್ಟುಕೊಳ್ಳುವುದು ಒಳ್ಳೆಯದು.

ಅಧಿಕಾರಿಗಳು ಪೆಟ್ಟಿಗೆ ತೆರೆದು ಸಂಖ್ಯೆಗಳನ್ನು ತಾಳೆ ನೋಡುವ ದಿನ ನೀವೇ ಅಲ್ಲಿರುವುದು ಉತ್ತಮ. ಸುಂಕ ಪಾವತಿಯ ಚಲನ್, ಸರಕು ಬಿಡುಗಡೆಯ ಆದೇಶ ಮತ್ತು ಬಿಲ್ ಆಫ್ ಎಂಟ್ರಿಯ ದೃಢೀಕೃತ ಪ್ರತಿ ಕೈಸೇರದೆ ಮುಂಬೈ ಬಿಡಬೇಡಿ. ಮಡಿಕೇರಿಯಲ್ಲಿ ಮೊದಲು ಕೇಳುವುದು ಅವನ್ನೇ.

ಮುಂಬೈಯಿಂದ ಊರಿಗೆ

ನೋಂದಣಿಯಿಲ್ಲದ ಬೈಕನ್ನು ರಸ್ತೆಯಲ್ಲಿ ಓಡಿಸುವುದು ಅಪರಾಧ. ಮುಂಬೈಯಿಂದ ಬೈಕಿನಲ್ಲೇ ಬರುವ ಆಸೆ ಎಷ್ಟೇ ಇದ್ದರೂ ಮುಚ್ಚಿದ ಲಾರಿಯಲ್ಲಿ ತರಿಸಿ. ಕೊಡಗಿನಲ್ಲಿ ರೈಲು ಮಾರ್ಗವಿಲ್ಲ. ರೈಲಿನ ಪಾರ್ಸೆಲ್‌ನಲ್ಲಿ ತಂದರೂ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇಳಿಸಿ ಮತ್ತೆ ಲಾರಿಗೆ ಹತ್ತಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮಂಗಳೂರು ಕಡೆಯ ಘಾಟಿಯನ್ನು ನೆಚ್ಚುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋಗಿದ್ದನ್ನು ನಾವು ಕಂಡಿದ್ದೇವೆ. ಆ ತಿಂಗಳುಗಳಲ್ಲಿ ಮೈಸೂರು–ಕುಶಾಲನಗರದ ದಾರಿಯೇ ಸರಿ. ಸಾಧ್ಯವಾದರೆ, ಮಳೆ ಮುಗಿದ ಮೇಲೆ ಬರುವ ಪುತ್ತರಿ (ಹುತ್ತರಿ) ಹಬ್ಬದ ಹೊತ್ತಿಗೆ ಬೈಕು ಊರಿಗೆ ಬರುವಂತೆ ಹಡಗಿನ ದಿನವನ್ನು ಆರಿಸಿಕೊಳ್ಳಿ.

ಮಡಿಕೇರಿಯ ಆರ್‌ಟಿಒದಲ್ಲಿ

ಕೊಡಗಿಗೆ ಕೆಎ-12 ಸಂಖ್ಯೆ, ಕಚೇರಿ ಮಡಿಕೇರಿಯಲ್ಲಿದೆ. ವಾಹನ ಕೈಸೇರಿದ ಏಳು ದಿನಗಳೊಳಗೆ, ಪ್ರಯಾಣದ ದಿನಗಳನ್ನು ಬಿಟ್ಟು, ಫಾರಂ 20ರಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯ ಜೊತೆಗೆ ಕಸ್ಟಮ್ಸ್ ಬಿಡುಗಡೆಯ ಪತ್ರ, ಪರವಾನಗಿ ಇದ್ದರೆ ಅದು, ಪರೀಕ್ಷೆಯ ಪ್ರಮಾಣಪತ್ರ, ವಿಮೆ, ಗುರುತು ಮತ್ತು ವಿಳಾಸದ ದಾಖಲೆಗಳು ಬೇಕು. ಆಮದು ಬೈಕಿನ ನೋಂದಣಿ ಶುಲ್ಕ 2,500 ರೂಪಾಯಿ. ತೆರಿಗೆಯ ಮುಂದೆ ಅದು ದೊಡ್ಡ ಮೊತ್ತವಲ್ಲ.

ವಿಳಾಸದ ವಿಷಯದಲ್ಲಿ ಕೊಡಗಿನವರಿಗೆ ಒಂದು ಎಚ್ಚರಿಕೆ ಬೇಕು. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ದಾಖಲೆಗಳು ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿರುತ್ತವೆ, ವಿದ್ಯುತ್ ಬಿಲ್ಲು ಅಜ್ಜನ ಅಥವಾ ದೊಡ್ಡಪ್ಪನ ಹೆಸರಿನಲ್ಲಿರುತ್ತದೆ. ಒಕ್ಕದ ಮೂಲಮನೆಯಾದ ಐನ್‌ಮನೆ ನಿಮ್ಮದೇ ಆದರೂ ಕಾಗದದಲ್ಲಿ ನಿಮ್ಮ ಹೆಸರು ಕಾಣುವುದಿಲ್ಲ. ಆದ್ದರಿಂದ ಊರಿಗೆ ಬಂದ ಕೂಡಲೇ, ಬೈಕು ಇನ್ನೂ ಸಮುದ್ರದಲ್ಲಿರುವಾಗಲೇ, ಆಧಾರಿನಲ್ಲಿ ಕೊಡಗಿನ ವಿಳಾಸ ಸೇರಿಸಿ. ನಿಮ್ಮ ಇಲ್ಲಿಯ ಚಾಲನಾ ಪರವಾನಗಿಯ ಅವಧಿಯನ್ನೂ ನೋಡಿಕೊಳ್ಳಿ. ಅವಧಿ ಮುಗಿದು ಒಂದು ವರ್ಷ ಕಳೆದಿದ್ದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು.

ಮೋಟಾರು ವಾಹನ ನಿರೀಕ್ಷಕರು ಬೈಕನ್ನು ನೋಡಿ, ಚಾಸಿಸ್ ಸಂಖ್ಯೆಯ ಅಚ್ಚನ್ನು ಪೆನ್ಸಿಲಿನಲ್ಲಿ ತೆಗೆದುಕೊಳ್ಳುತ್ತಾರೆ. ವಿದೇಶಿ ಬೈಕಿನಲ್ಲಿ ಸಾಮಾನ್ಯವಾಗಿ ಇಲ್ಲದಿರುವ ಒಂದು ಭಾಗವನ್ನು ಮೊದಲೇ ಹಾಕಿಸಿ: ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆ, ನಾವು ಸೀರೆ ಗಾರ್ಡ್ ಎನ್ನುವುದು. ಹಿಂದೆ ಕೂರುವವರಿಗೆ ಹಿಡಿಕೆ ಮತ್ತು ಕಾಲಿಡುವ ಜಾಗವೂ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಡ್ಡಾಯ. ಶಬ್ದ ಹೆಚ್ಚಿಸುವ ಸೈಲೆನ್ಸರ್ ಹಾಕಿಸಿದ್ದರೆ ಕಂಪನಿಯದ್ದನ್ನೇ ಮರಳಿ ಜೋಡಿಸಿ. ಸಂಖ್ಯೆ ಸಿಕ್ಕ ಮೇಲೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಬೇಕು. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ಸಿಸಿ, ಎಂಜಿನ್ ಸಂಖ್ಯೆ ಸರಿಯಾಗಿ ಬಂದಿವೆಯೇ ಎಂದು ಅಂದೇ ಓದಿ ನೋಡಿ, ತಪ್ಪಿದ್ದರೆ ಅಂದೇ ಅರ್ಜಿ ಕೊಡಿ.

ವಿಮೆ ಮಾಡಿಸುವಾಗ ಬೈಕಿನ ಮೌಲ್ಯವನ್ನು ಸುಂಕ ಸೇರಿಸಿ ನಮೂದಿಸುವರೇ ಎಂದು ಬರಹದಲ್ಲಿ ಕೇಳಿ. ವಿದೇಶದ ಬೆಲೆಯನ್ನಷ್ಟೇ ಬರೆದರೆ, ಬೈಕು ಕಳುವಾದಾಗ ನೀವು ತೆತ್ತ ಸುಂಕಕ್ಕೆ ಪರಿಹಾರವೇ ಇರುವುದಿಲ್ಲ. ನಮ್ಮ ಪೆಟ್ರೋಲ್ ಬಂಕುಗಳಲ್ಲಿ ಈಗ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್. ನಿಮ್ಮ ಬೈಕು ಎಷ್ಟು ಎಥನಾಲ್ ತಡೆಯುತ್ತದೆಂದು ಮಾಲೀಕರ ಕೈಪಿಡಿಯಲ್ಲಿ ನೋಡಿ. 10 ಪ್ರತಿಶತದವರೆಗೆ ಮಾತ್ರ ಎಂದಿದ್ದರೆ ಇಂಧನದ ರಬ್ಬರ್ ಕೊಳವೆ, ಸೀಲುಗಳನ್ನು ತಿಳಿದ ಮೆಕ್ಯಾನಿಕ್‌ನಿಂದ ಬದಲಾಯಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೈಕನ್ನು ನಿಲ್ಲಿಸಿಡುವುದಾದರೆ ಟ್ಯಾಂಕಿನಲ್ಲಿ ಆ ಪೆಟ್ರೋಲನ್ನು ಬಿಡಬೇಡಿ, ಎಥನಾಲ್ ನಮ್ಮ ತೇವದ ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ದೊಡ್ಡ ಬೈಕುಗಳ ಕಂಪನಿ ಸರ್ವಿಸ್‌ಗೆ ಹೆಚ್ಚಾಗಿ ಮೈಸೂರು ಅಥವಾ ಬೆಂಗಳೂರಿಗೇ ಹೋಗಬೇಕಾಗುವುದರಿಂದ ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್‌ಗಳ ಒಂದೊಂದು ಜೊತೆಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.